ಕಡಲಲ್ಲಿ ದೋಣಿ, ಪೀಣ್ಯದಲ್ಲಿ ಕಿವಿ

ಪೀಣ್ಯ ಎಂದೊಡನೆ ನೆನಪಾಗುವುದು ಲೇತು, ಮಿಲ್ಲಿಂಗ್ ಯಂತ್ರ, ಎರಕದ ಮನೆ, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಕಾರ್ಮಿಕರು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಎರಡೂ ಕಡಲುಗಳಿಂದ ನೂರಾರು ಕಿಲೋಮೀಟರ್ ದೂರದಲ್ಲಿರುವ ಈ ಕೈಗಾರಿಕಾ ಪ್ರದೇಶಕ್ಕೂ ಶ್ರೀಮಂತರು ಮೋಜಿಗಾಗಿ ಮೀನು ಹಿಡಿಯುವ ಐಷಾರಾಮಿ ವಿಹಾರನೌಕೆಗೂ ಏನು ನಂಟು?

ನಂಟು ಇದೆ. ಅಂಥ ನೌಕೆಯ ಮೇಲ್ಛಾವಣಿಯ ಪಕ್ಕದಲ್ಲೋ ಕೈಕಂಬಿಯ ಬಳಿಯೋ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಕೋಟಿಗಟ್ಟಲೆ ಬೆಲೆಬಾಳುವ ನೌಕೆಯಲ್ಲಿ ಅತಿ ಅಗ್ಗದ ಸಾಮಾನುಗಳಲ್ಲಿ ಅದೂ ಒಂದು. ನೌಕೆ ಹಿಂದೂ ಮಹಾಸಾಗರದ ನಮ್ಮ ಭಾಗದಲ್ಲಿ ಮುಳುಗಿದರೆ, ಆ ಪೆಟ್ಟಿಗೆ ಹೊರಡಿಸುವ ಮೊರೆ ಉಪಗ್ರಹದ ಮೂಲಕ ಬಂದು ಮುಟ್ಟುವುದು ಪೀಣ್ಯದ ಎರಡನೇ ಹಂತದಲ್ಲಿರುವ ಇಸ್ರೊದ 'ಇಸ್ಟ್ರ್ಯಾಕ್' ಸಂಸ್ಥೆಗೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದಾಗ ದೇಶವೆಲ್ಲ ಟಿ.ವಿ.ಯಲ್ಲಿ ಕಂಡ ನಿಯಂತ್ರಣ ಕೊಠಡಿ ಇರುವುದೂ ಇದೇ ಆವರಣದಲ್ಲಿ. ಆದರೆ ಅಲ್ಲೇ ಹಗಲಿರುಳೂ ನಡೆಯುವ ಇನ್ನೊಂದು ಕೆಲಸ ಅಷ್ಟಾಗಿ ಸುದ್ದಿಯಾಗಿಲ್ಲ.

ಆ ಪೆಟ್ಟಿಗೆಯ ಮಹತ್ವ ತಿಳಿಯಬೇಕಾದರೆ ಮೊದಲು ನೌಕೆಯನ್ನೇ ಒಮ್ಮೆ ಸುತ್ತಿ ಬರಬೇಕು. ಹೈಸ್ಕೂಲಿನ ಭೌತಶಾಸ್ತ್ರ ಪುಸ್ತಕದ ಅರ್ಧ ಪಾಠಗಳು ಅದರೊಳಗೇ ಸಿಗುತ್ತವೆ!

ಹರಿಗೋಲಿನಿಂದ 'ಪಿಲಾರ್'ವರೆಗೆ

ಹೊಟ್ಟೆಪಾಡಿಗಲ್ಲದೆ ಆಟಕ್ಕಾಗಿ ಮೀನು ಹಿಡಿಯುವ ಹವ್ಯಾಸ ಕರ್ನಾಟಕಕ್ಕೆ ಹೊಸದಲ್ಲ. ಕಾವೇರಿ, ಕಬಿನಿಗಳ ಮಹಶೀರ್ ಮೀನಿಗಾಗಿ ಬ್ರಿಟಿಷರ ಕಾಲದಿಂದಲೂ ಗಾಳ ಹಿಡಿದು ಬಂದವರಿದ್ದಾರೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ ತೂಗಿದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ. ಭೀಮೇಶ್ವರಿಯಂಥ ಕಡೆ ಈ ಆಟಕ್ಕೆ ಬಳಕೆಯಾದ ವಾಹನ ಬಿದಿರಿನ ಹರಿಗೋಲು. ಮುಂದೆ ಹಿಂದೆ ಎಂಬುದೇ ಇಲ್ಲದ, ಎಂಜಿನ್ನೂ ಚುಕ್ಕಾಣಿಯೂ ಇಲ್ಲದ ದುಂಡು ಬುಟ್ಟಿ. ನದಿಗೆ ಅದು ಸಾಕು.

ಸಮುದ್ರದ ಮಾತು ಬೇರೆ. ಮಾರ್ಲಿನ್, ಟ್ಯೂನಾ, ಬೆನ್ನ ಮೇಲೆ ಹಾಯಿಯಂಥ ಈಜುರೆಕ್ಕೆಯುಳ್ಳ ಸೇಲ್‌ಫಿಶ್ ಮೊದಲಾದವು ದಡದಿಂದ ದೂರದ ಆಳ ನೀರಿನಲ್ಲಿ ಬಾಣದಂತೆ ಚಲಿಸುವ ಮೀನುಗಳು. ಅವುಗಳ ಬೆನ್ನಟ್ಟಲು ವೇಗ ಬೇಕು, ಅಲೆಗೆ ಎದೆಗೊಡುವ ಒಡಲು ಬೇಕು. ಈ ಬಗೆಯ ದೋಣಿಗಳಲ್ಲಿ ಅತಿ ಪ್ರಸಿದ್ಧವಾದದ್ದು ಅಮೆರಿಕದ ಸಾಹಿತಿ ಅರ್ನೆಸ್ಟ್ ಹೆಮಿಂಗ್ವೆ 1934ರಲ್ಲಿ ಬ್ರೂಕ್ಲಿನ್‌ನ ವೀಲರ್ ಕಂಪೆನಿಯಿಂದ ಕೊಂಡ 38 ಅಡಿ ಉದ್ದದ 'ಪಿಲಾರ್'. ಅದಕ್ಕೆ ಎರಡು ಎಂಜಿನ್. ದೊಡ್ಡದು ಓಟಕ್ಕೆ, ಚಿಕ್ಕದು ಗಾಳವನ್ನು ನಿಧಾನವಾಗಿ ಎಳೆದುಕೊಂಡು ಹೋಗುವುದಕ್ಕೆ. 1952ರಲ್ಲಿ ಪ್ರಕಟವಾದ 'ದಿ ಓಲ್ಡ್ ಮ್ಯಾನ್ ಅಂಡ್ ದ ಸೀ' ಕೃತಿಯ ಹಿಂದೆ ಈ ದೋಣಿಯ ಮೇಲೆ ಕಳೆದ ವರ್ಷಗಳ ಅನುಭವವಿದೆ. ಇಂದಿಗೂ ಆ ದೋಣಿ ಕ್ಯೂಬಾದಲ್ಲಿ ಹೆಮಿಂಗ್ವೆಯ ಮನೆಯಂಗಳದಲ್ಲಿ ಪ್ರದರ್ಶನಕ್ಕಿದೆ.

ನೀರನ್ನು ಸೀಳುವ 'ವಿ'

ನೀರಿನಲ್ಲಿ ಚಲಿಸುವ ಪ್ರತಿ ದೋಣಿಯೂ ತನ್ನ ಮುಂದೊಂದು ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯೇ ದಿಬ್ಬವಾಗಿ ಅಡ್ಡ ನಿಲ್ಲುತ್ತದೆ. ಸಾಮಾನ್ಯ ದೋಣಿಯ ವೇಗದ ಮಿತಿಗೆ ಒಂದು ಸರಳ ಲೆಕ್ಕವಿದೆ. ನೀರಿಗೆ ತಾಗಿರುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 36 ಅಡಿ ದೋಣಿಗೆ ಅದು ಸುಮಾರು 8 ನಾಟ್. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಹಾಗಾಗಿ ಈ ದೋಣಿಯ ವೇಗ ಗಂಟೆಗೆ 15 ಕಿ.ಮೀ. ದಾಟದು. ಸೈಕಲ್ ಸವಾರನೂ ಅದನ್ನು ಹಿಂದೆ ಹಾಕಬಹುದು!

ಈ ದಿಬ್ಬವನ್ನು ದಾಟುವ ಉಪಾಯವೆಂದರೆ ಅದರ ಮೇಲೇರುವುದು. ಎಂಜಿನ್ನಿನ ಶಕ್ತಿ ಸಾಕಷ್ಟಿದ್ದು, ಒಡಲಿನ ತಳದ ಆಕಾರ ಸರಿಯಾಗಿದ್ದರೆ ದೋಣಿ ನೀರನ್ನು ತಳ್ಳುವ ಬದಲು ನೀರಿನ ಮೇಲೆ ಜಾರತೊಡಗುತ್ತದೆ. ಕೆರೆಯ ಮೇಲೆ ಚಪ್ಪಟೆ ಕಲ್ಲನ್ನು ಬೀಸಿ ಎಸೆದಾಗ ಅದು ಕುಪ್ಪಳಿಸಿ ಹೋಗುವುದಿಲ್ಲವೆ, ಹಾಗೆ. ಆದರೆ ತಳ ಚಪ್ಪಟೆಯಾಗಿದ್ದರೆ ಪ್ರತಿ ಅಲೆಗೂ ಧಡಾರೆಂದು ಅಪ್ಪಳಿಸಿ ಒಳಗಿರುವವರ ಬೆನ್ನುಮೂಳೆಗೆ ಪೆಟ್ಟು. ತಳ ಚೂಪಾಗಿದ್ದರೆ ಓಟ ಮೃದು, ಆದರೆ ನಿಂತಾಗ ಪಕ್ಕದಿಂದ ಪಕ್ಕಕ್ಕೆ ಹೊಯ್ದಾಟ.

ಅಮೆರಿಕದ ವಿನ್ಯಾಸಕಾರ ರೇಮಂಡ್ ಹಂಟ್ ತಳವನ್ನು ಮುಂದಿನಿಂದ ಹಿಂದಿನವರೆಗೂ ಆಳವಾದ 'ವಿ' ಆಕಾರದಲ್ಲೇ ಉಳಿಸಿದರು. ಇಳಿಜಾರಿನ ಕೋನ ಸುಮಾರು 24 ಡಿಗ್ರಿ. ಆ ವಿನ್ಯಾಸದ 'ಮಾಪಿ' ಎಂಬ ದೋಣಿಯನ್ನು ರಿಚರ್ಡ್ ಬರ್ಟ್ರಾಮ್ 1960ರ ಮಯಾಮಿ–ನಸ್ಸಾವ್ ಪಂದ್ಯಕ್ಕೆ ಇಳಿಸಿದರು. ಅಬ್ಬರದ ಸಮುದ್ರದಲ್ಲೂ ಗೆದ್ದ ಅದು ವೇಗದೋಣಿಗಳ ಚರಿತ್ರೆಯನ್ನೇ ಬದಲಿಸಿತು. ಈಗಿನ ಮೀನುಬೇಟೆಯ ನೌಕೆಗಳಲ್ಲಿ ಹೆಚ್ಚಿನವು ಮಧ್ಯಮಮಾರ್ಗ ಹಿಡಿದಿವೆ. ಮುಂಭಾಗ ಚೂಪು, ಹಿಂಭಾಗಕ್ಕೆ ಬರುತ್ತ ಬರುತ್ತ ತುಸು ಚಪ್ಪಟೆ. ಮೂತಿಯ ಪಕ್ಕೆಗಳು ಮೇಲಕ್ಕೆ ಹೋದಂತೆ ಹೊರಕ್ಕೆ ಅರಳುತ್ತವೆ. ಎರಚುವ ನೀರು ಮೇಲೆ ಬೀಳದೆ ಪಕ್ಕಕ್ಕೆ ಸರಿಯುವುದು ಈ ಅರಳುವಿಕೆಯಿಂದಲೇ.

ಒಡಲಿನ ವಸ್ತು ಫೈಬರ್‌ಗ್ಲಾಸ್. ಗಾಜಿನ ನಾರಿನ ಬಟ್ಟೆಯನ್ನು ಅಚ್ಚಿನೊಳಗೆ ಪದರಪದರವಾಗಿ ಹಾಸಿ ರಾಳ ತುಂಬುತ್ತಾರೆ. ತೂಕ ಇಳಿಸಲು ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವನ್ನೋ ನೊರೆಯಂಥ ಹಲಗೆಯನ್ನೋ ಇಡುವುದುಂಟು. ಈ ತಂತ್ರದ ದೊಡ್ಡ ಮೀನುಬೇಟೆ ನೌಕೆಗಳಿಗೆ ಹೆಸರಾದ ಹ್ಯಾಟರಸ್ ಕಂಪೆನಿ 1959ರಲ್ಲಿ ಹುಟ್ಟಿದ್ದು ಸಮುದ್ರ ದಡದಲ್ಲಲ್ಲ. ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ, ಪೀಠೋಪಕರಣಗಳಿಗೆ ಹೆಸರಾದ ಹೈ ಪಾಯಿಂಟ್ ಎಂಬ ಊರಿನಲ್ಲಿ! ಅಚ್ಚು ಮಾಡುವ, ಮರ ಕೆತ್ತುವ, ಅಳತೆ ತಪ್ಪದೆ ಜೋಡಿಸುವ ಕೈಗಳು ಅಲ್ಲಿದ್ದವು. ಒಳ್ಳೆಯ ದೋಣಿಗೆ ಮೊದಲು ಬೇಕಾದದ್ದು ನೀರಲ್ಲ, ನುರಿತ ಕೈ. ಪೀಣ್ಯದ ಯಾವುದೇ ಟೂಲ್ ರೂಂನಲ್ಲಿ ದುಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಹಿಂಬದಿಯೇ ರಣರಂಗ

ಸಾಮಾನ್ಯ ವಿಹಾರನೌಕೆಯಲ್ಲಿ ಹಿಂಭಾಗ ಹರಟೆಗೆ, ಊಟಕ್ಕೆ. ಮೀನುಬೇಟೆಯ ನೌಕೆಯಲ್ಲಿ ಅದೇ ರಣರಂಗ. ಅದನ್ನು 'ಕಾಕ್‌ಪಿಟ್' ಎನ್ನುತ್ತಾರೆ. ಮುಂಭಾಗ ಎತ್ತರವಾಗಿದ್ದರೆ ಇದು ನೀರಿಗೆ ತೀರ ಹತ್ತಿರ. ಮೀನನ್ನು ಪಕ್ಕಕ್ಕೆ ಎಳೆದು ತರಲು ಅನುಕೂಲವಾಗಲೆಂದೇ ಹೀಗೆ. ಅಪ್ಪಳಿಸಿದ ನೀರು ಕೂಡಲೇ ಹೊರಹೋಗಲು ನೆಲದ ಅಂಚಿನಲ್ಲಿ ಕಂಡಿಗಳಿರುತ್ತವೆ. ಈ ಕಂಡಿಗಳು ಕಟ್ಟಿಕೊಂಡರೆ ಒಳನುಗ್ಗಿದ ನೀರಿನ ತೂಕದಿಂದಲೇ ನೌಕೆಗೆ ಅಪಾಯ.

ನಡುವೆ ಸುತ್ತಲೂ ತಿರುಗುವ ಕುರ್ಚಿ. ನೂರಾರು ಕಿಲೋ ತೂಗುವ ಮೀನು ಎಳೆಯುವಾಗ ಗಾಳಗಾರ ಇದರಲ್ಲಿ ಕುಳಿತು ಕಾಲು ಒದೆಗೊಟ್ಟು ಸೆಣಸುತ್ತಾನೆ. 1939ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕ್ರೀಡಾ ಮೀನುಗಾರಿಕೆ ಸಂಘದ ನಿಯಮದಂತೆ, ಗಾಳಕ್ಕೆ ಮೀನು ಸಿಕ್ಕಿದ ಮೇಲೆ ಕೋಲನ್ನಾಗಲಿ ರಾಟೆಯನ್ನಾಗಲಿ ಇನ್ನೊಬ್ಬರು ಮುಟ್ಟಿದರೆ ಆ ದಾಖಲೆ ರದ್ದು. ಎರಡು ಪಕ್ಕಗಳಲ್ಲಿ ಕೊಕ್ಕರೆಯ ಕಾಲಿನಂತೆ ಚಾಚಿಕೊಂಡ ಉದ್ದನೆಯ ಕೋಲುಗಳು ಹಲವು ಗಾಳದ ದಾರಗಳು ಸಿಕ್ಕುಹಾಕಿಕೊಳ್ಳದಂತೆ ದೂರ ದೂರ ಹಿಡಿಯುತ್ತವೆ. ಜೀವಂತ ಎರೆ ಮೀನುಗಳಿಗಾಗಿ ಸದಾ ಹೊಸ ಸಮುದ್ರದ ನೀರು ಹರಿಯುವ ತೊಟ್ಟಿಯೂ ಇದೆ. ಈಗ ಅನೇಕ ಕಡೆ ಹಿಡಿದ ಮೀನಿಗೆ ಗುರುತುಪಟ್ಟಿ ಚುಚ್ಚಿ ಮತ್ತೆ ನೀರಿಗೇ ಬಿಡುವುದು ರೂಢಿ. ಮೀನು ಹೋದ ದಾರಿ ವಿಜ್ಞಾನಿಗಳಿಗೆ ಅದರಿಂದ ತಿಳಿಯುತ್ತದೆ.

ಮೇಲೆ ಅಲ್ಯೂಮಿನಿಯಂ ಕೊಳವೆಗಳಿಂದ ಕಟ್ಟಿದ ಅಟ್ಟಣೆ. ಇದರ ಹಿಂದೆಯೂ ಲೆಕ್ಕವಿದೆ. ಕಣ್ಣು ನೀರಿನ ಮಟ್ಟದಿಂದ 2 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಕಾಣುವುದು ಸುಮಾರು 5 ಕಿ.ಮೀ. ದೂರದಲ್ಲಿ. 8 ಮೀಟರ್ ಏರಿದರೆ ಅದು 10 ಕಿ.ಮೀ. ಎತ್ತರ ನಾಲ್ಕು ಪಟ್ಟಾದರೆ ನೋಟ ಎರಡು ಪಟ್ಟು! ಆದರೆ ಎತ್ತರದಲ್ಲಿಟ್ಟ ಪ್ರತಿ ಕಿಲೋ ತೂಕವೂ ನೌಕೆಯ ಗುರುತ್ವಕೇಂದ್ರವನ್ನು ಮೇಲಕ್ಕೆತ್ತುತ್ತದೆ, ಉರುಳುವ ಅಪಾಯವನ್ನು ಹೆಚ್ಚಿಸುತ್ತದೆ. ಅಟ್ಟಣೆಗೆ ಉಕ್ಕಿನ ಬದಲು ಹಗುರವಾದ ಅಲ್ಯೂಮಿನಿಯಂ ಬಳಸುವುದು ಅದಕ್ಕೇ.

ಒಳಗೆ ಅರಮನೆ, ಕೆಳಗೆ ಬುಗುರಿ

ಒಳಗಿನ ವೈಭವ ಕೇಳಬೇಕೆ? ಹವಾನಿಯಂತ್ರಿತ ಮಲಗುವ ಕೋಣೆಗಳು, ತೇಗದ ನೆಲ, ಅಡುಗೆಮನೆ, ಸಮುದ್ರದ ನೀರನ್ನು ಸಿಹಿನೀರಾಗಿಸುವ ಯಂತ್ರ. ದೊಡ್ಡ ನೌಕೆಗಳಲ್ಲಿ ತಲಾ ಸಾವಿರ ಅಶ್ವಶಕ್ತಿಗೂ ಮಿಗಿಲಾದ ಎರಡು ಡೀಸೆಲ್ ಎಂಜಿನ್. 30 ನಾಟ್ ವೇಗದ ಓಟವೆಂದರೆ ಗಂಟೆಗೆ 55 ಕಿ.ಮೀ.ಗೂ ಹೆಚ್ಚು. ಎರಡು ಎಂಜಿನ್ನುಗಳಿಂದ ಇನ್ನೂ ಒಂದು ಲಾಭವಿದೆ. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಓಡಿಸಿದರೆ ನೌಕೆ ನಿಂತಲ್ಲೇ ತಿರುಗುತ್ತದೆ. ಮೀನು ದಿಕ್ಕು ಬದಲಿಸಿದರೆ ನೌಕೆಯೂ ಅದರ ಬೆನ್ನಿಗೆ.

ಇತ್ತೀಚಿನ ದೊಡ್ಡ ಬದಲಾವಣೆ ಗೈರೋ ಸ್ಥಿರಕಾರಿ. ಗಾಳಿ ತೆಗೆದ ಗೋಳದೊಳಗೆ ಭಾರವಾದ ಚಕ್ರವೊಂದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತದೆ. ತಿರುಗುವ ಬುಗುರಿಯನ್ನು ತಳ್ಳಿದರೆ ಅದು ತಳ್ಳಿದ ಕಡೆಗೆ ಬೀಳದೆ ಅಡ್ಡಕ್ಕೆ ವಾಲುವುದನ್ನು ಮಕ್ಕಳೆಲ್ಲ ಕಂಡಿದ್ದಾರೆ. ಅಲೆ ನೌಕೆಯನ್ನು ಎಡಕ್ಕೆ ತಳ್ಳಿದಾಗ ಈ ಚಕ್ರವೂ ಹಾಗೆಯೇ ವಾಲಿ, ನೌಕೆಯನ್ನು ಬಲಕ್ಕೆ ಒತ್ತುವ ಬಲವನ್ನು ಹುಟ್ಟಿಸುತ್ತದೆ. ಹೊಯ್ದಾಟ ತಗ್ಗುತ್ತದೆ.

ಮೀನು ಪತ್ತೆಗೆ ಪ್ರತಿಧ್ವನಿ ಯಂತ್ರವಿದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 60 ಮೀಟರ್ ಆಳದ ತಳಕ್ಕೆ ತಾಗಿ ಮರಳಲು ಶಬ್ದಕ್ಕೆ ಬೇಕಾದದ್ದು 0.08 ಸೆಕೆಂಡ್. ಅದಕ್ಕಿಂತ ಮೊದಲೇ ಪ್ರತಿಧ್ವನಿ ಬಂದರೆ ನಡುವೆ ಮೀನಿನ ಹಿಂಡಿದೆ ಎಂದರ್ಥ!

ಕಿತ್ತಳೆ ಪೆಟ್ಟಿಗೆ

ಇಷ್ಟೆಲ್ಲ ಇದ್ದರೂ ಸಮುದ್ರದ ಮುಂದೆ ನೌಕೆ ಹುಲುಕಡ್ಡಿಯೇ. ಬೆಂಕಿ ಬೀಳಬಹುದು, ತೇಲುವ ಮರದ ದಿಮ್ಮಿಗೆ ಬಡಿದು ಒಡಲು ಬಿರಿಯಬಹುದು. ವಿದ್ಯುತ್ ಹೋದರೆ ರೇಡಿಯೊ ಮೌನ. ಆಗ ಕೆಲಸಕ್ಕೆ ಬರುವುದು ಹಳದಿ ಅಥವಾ ಕಿತ್ತಳೆ ಬಣ್ಣದ 'ಎಪಿರ್ಬ್' ಎಂಬ ಪೆಟ್ಟಿಗೆ. ಅದನ್ನು ಹಿಡಿದಿರುವ ಕೊಂಡಿ ನೀರಿನ ಒತ್ತಡಕ್ಕೆ ತಾನೇ ಬಿಚ್ಚಿಕೊಳ್ಳುವಂಥದ್ದು. ನೌಕೆ ಮುಳುಗಿ 4 ಮೀಟರ್ ಆಳ ತಲುಪುವಷ್ಟರಲ್ಲಿ ಕೊಂಡಿ ಬಿಟ್ಟು ಪೆಟ್ಟಿಗೆ ಮೇಲಕ್ಕೆ ತೇಲುತ್ತದೆ, ತಾನೇ ಚಾಲೂ ಆಗುತ್ತದೆ. ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡ್ ಕಾಲ, 406 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಅದು ಮೊರೆಯಿಡುತ್ತದೆ. ಶಕ್ತಿ ಕೇವಲ 5 ವಾಟ್. ಮಲಗುವ ಕೋಣೆಯ ಪುಟ್ಟ ಎಲ್‌ಇಡಿ ದೀಪದಷ್ಟು. ಬ್ಯಾಟರಿ ಕನಿಷ್ಠ 48 ಗಂಟೆ ಬಾಳಬೇಕೆಂಬುದು ನಿಯಮ.

ಈ ಮೊರೆಯನ್ನು ಆಲಿಸುವ ವ್ಯವಸ್ಥೆಯ ಹೆಸರು 'ಕಾಸ್ಪಾಸ್-ಸಾರ್‌ಸಾಟ್'. ಶೀತಲ ಸಮರದ ದಿನಗಳಲ್ಲೂ ಸೋವಿಯತ್ ಒಕ್ಕೂಟ, ಅಮೆರಿಕ, ಕೆನಡಾ, ಫ್ರಾನ್ಸ್ ಒಂದಾಗಿ ಕಟ್ಟಿದ್ದು ಇದು. ಮೊದಲ ಉಪಗ್ರಹವನ್ನು ಹಾರಿಸಿದ್ದು ಸೋವಿಯತ್ ಒಕ್ಕೂಟ, 1982ರ ಜೂನ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೆನಡಾದಲ್ಲಿ ಬಿದ್ದ ಪುಟ್ಟ ವಿಮಾನವೊಂದರ ಮೂವರು ಅದರಿಂದ ಬದುಕಿದರು. ಅಂದಿನಿಂದ ಈ ವ್ಯವಸ್ಥೆಯ ನೆರವಿನಿಂದ ಉಳಿದ ಜೀವಗಳು 50 ಸಾವಿರಕ್ಕೂ ಹೆಚ್ಚು.

ಮೊರೆ ಎಲ್ಲಿಂದ ಬಂತೆಂದು ತಿಳಿಯುವುದು ಹೇಗೆ? ಯಶವಂತಪುರದ ಹಳಿಯ ಬಳಿ ನಿಂತು ರೈಲಿನ ಶಿಳ್ಳೆ ಕೇಳಿ. ಹತ್ತಿರ ಬರುವಾಗ ಸ್ವರ ಏರಿರುತ್ತದೆ, ದಾಟಿ ಹೋದೊಡನೆ ಇಳಿಯುತ್ತದೆ. ಇದೇ ಡಾಪ್ಲರ್ ಪರಿಣಾಮ. ಸುಮಾರು 850 ಕಿ.ಮೀ. ಎತ್ತರದಲ್ಲಿ ಓಡುವ ಉಪಗ್ರಹಕ್ಕೂ ಪೆಟ್ಟಿಗೆಯ ಕಂಪನಾಂಕ ಹೀಗೆಯೇ ಏರಿಳಿದು ಕೇಳಿಸುತ್ತದೆ. ಆ ಏರಿಳಿತದಿಂದ ಲೆಕ್ಕ ಹಾಕಿದರೆ ಕೆಲವು ಕಿಲೋಮೀಟರ್ ಅಂತರದೊಳಗೆ ಸ್ಥಳ ಗೊತ್ತಾಗುತ್ತದೆ. 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳಿಗೆ ಮೊರೆ ಕೂಡಲೇ ಕೇಳಿಸುತ್ತದೆ. ಆದರೆ ಅವು ಭೂಮಿಗೆ ನಿಂತಂತೆಯೇ ತೋರುವುದರಿಂದ ಈ ಲೆಕ್ಕ ಅಲ್ಲಿ ನಡೆಯದು. ಹಾಗಾಗಿ ಹೊಸ ಪೆಟ್ಟಿಗೆಗಳೊಳಗೇ ಜಿಪಿಎಸ್ ಅಳವಡಿಸಿ ಸ್ಥಳವನ್ನೂ ಮೊರೆಯ ಜೊತೆಗೇ ಕಳಿಸಲಾಗುತ್ತಿದೆ. ಹವಾಮಾನಕ್ಕಾಗಿ ಹಾರಿಸಿದ ನಮ್ಮ ಇನ್ಸಾಟ್-3ಡಿ (2013), 3ಡಿಆರ್ (2016), 3ಡಿಎಸ್ (2024) ಉಪಗ್ರಹಗಳಲ್ಲೂ ಈ ಮೊರೆ ಹಿಡಿಯುವ ಸಾಧನವನ್ನು ಇಡಲಾಗಿದೆ.

ಪೀಣ್ಯದ ಕಿವಿ

ಭಾರತೀಯ ಮಿಷನ್ ನಿಯಂತ್ರಣ ಕೇಂದ್ರ ಇರುವುದು ಪೀಣ್ಯದ ಇಸ್ಟ್ರ್ಯಾಕ್‌ನಲ್ಲಿ. ಭಾರತದ ಜೊತೆಗೆ ಬಾಂಗ್ಲಾದೇಶ, ಭೂತಾನ್, ನೇಪಾಳ, ಶ್ರೀಲಂಕಾ, ಮಾಲ್ಡೀವ್ಸ್, ಸೆಶೆಲ್ಸ್, ತಾಂಜಾನಿಯಾಗಳ ವ್ಯಾಪ್ತಿಯ ಮೊರೆಗಳಿಗೂ ಇದೇ ಕೇಂದ್ರ. ಕಡಲಿನ ಮೊರೆಯಾದರೆ ವಿವರ ಕರಾವಳಿ ಕಾವಲು ಪಡೆಯ ರಕ್ಷಣಾ ಸಮನ್ವಯ ಕೇಂದ್ರಗಳಿಗೆ ಹೋಗುತ್ತದೆ. ಅಲ್ಲಿಂದ ಹಡಗೋ ವಿಮಾನವೋ ಹೊರಡುತ್ತದೆ.

ಪ್ರತಿ ಪೆಟ್ಟಿಗೆಗೂ ತನ್ನದೇ ಆದ ಗುರುತುಸಂಖ್ಯೆ ಉಂಟು. ಅದು ಯಾರದು, ಯಾವ ನೌಕೆಯದು, ದಡದಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದು ನೋಂದಣಿಯಲ್ಲಿರಬೇಕು. ಬರುವ ಮೊರೆಗಳಲ್ಲಿ ಹೆಚ್ಚಿನವು ಕೈತಪ್ಪಿ ಒತ್ತಿದ್ದೋ, ತೊಳೆಯುವಾಗ ನೀರು ಬಿದ್ದು ಚಾಲೂ ಆದದ್ದೋ ಆಗಿರುತ್ತವೆ. ನೋಂದಣಿ ಸರಿಯಿದ್ದರೆ ಒಂದು ಫೋನ್ ಕರೆಯಲ್ಲಿ ನಿಜ ಗೊತ್ತಾಗುತ್ತದೆ. ಇಲ್ಲವಾದರೆ ಅಮೂಲ್ಯವಾದ ಗಂಟೆಗಳು ವ್ಯರ್ಥ.

ಈ ಪೆಟ್ಟಿಗೆಯ ಬೆಲೆ ನೌಕಾಪಡೆಯ ಅಧಿಕಾರಿಯಾಗಿದ್ದ ಅಭಿಲಾಷ್ ಟಾಮಿ ಅವರಿಗೆ ಗೊತ್ತು. 2018ರಲ್ಲಿ ಒಂಟಿಯಾಗಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿದ್ದಾಗ, ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ 'ತುರಿಯಾ' ದೋಣಿಯ ಹಾಯಿಗಂಬ ಮುರಿಯಿತು. ಬೆನ್ನುಮೂಳೆಗೆ ತೀವ್ರ ಪೆಟ್ಟಾಗಿ ಅವರು ಏಳಲಾರದೆ ಮಲಗಿದ್ದರು. ದೋಣಿ ಇದ್ದ ಜಾಗ ಗೊತ್ತಿದ್ದುದರಿಂದ ಭಾರತದ ವಿಮಾನ ಅವರನ್ನು ಪತ್ತೆ ಮಾಡಿತು; ಮೂರನೇ ದಿನ ಫ್ರಾನ್ಸ್‌ನ ಮೀನುಗಾರಿಕಾ ಗಸ್ತು ಹಡಗು 'ಓಸಿರಿಸ್' ಅವರನ್ನು ಎತ್ತಿಕೊಂಡಿತು. 2023ರಲ್ಲಿ ಅದೇ ಪಂದ್ಯವನ್ನು ಅವರು ಎರಡನೆಯವರಾಗಿ ಮುಗಿಸಿದರು.

ಮಲ್ಪೆಯ ದೋಣಿಗೂ ಅದೇ ಕಿವಿ

ಶ್ರೀಮಂತರ ಮೋಜಿಗಿರುವ ರಕ್ಷಣೆ ಬಂಗುಡೆ, ಅಂಜಲ್ ಹಿಡಿದು ಹೊಟ್ಟೆ ಹೊರೆಯುವವರಿಗೆ ಬೇಡವೆ? 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಎರಡು ದಿನಗಳ ನಂತರ ಸಂಪರ್ಕ ಕಳೆದುಕೊಂಡಿತು. ಅದರಲ್ಲಿದ್ದವರು ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ 7 ಮಂದಿ. ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ದೋಣಿಯ ಅವಶೇಷ ಕಂಡದ್ದು 2019ರ ಮೇ ತಿಂಗಳಲ್ಲಿ. ನಾಲ್ಕೂವರೆ ತಿಂಗಳು 7 ಮನೆಗಳು ಬಾಗಿಲು ನೋಡುತ್ತ ಕಾದವು. ಕಡಲಲ್ಲಿ 'ಎಲ್ಲಿ' ಎಂಬ ಒಂದೇ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಮೀನುಗಾರರಿಗೆಂದೇ ಇಸ್ರೊ ರೂಪಿಸಿದ ಅಪಾಯ ಸೂಚಕ ಸಾಧನ 'ಡ್ಯಾಟ್' 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ದೋಣಿಯ ಗುರುತು, ಇರುವ ಸ್ಥಳ ಎರಡೂ ಉಪಗ್ರಹದ ಮೂಲಕ ಪೀಣ್ಯದ ಕೇಂದ್ರಕ್ಕೇ ಬರುತ್ತವೆ. ಇಂಥ 20 ಸಾವಿರಕ್ಕೂ ಹೆಚ್ಚು ಸಾಧನಗಳು ಬಳಕೆಗೆ ಬಂದಿವೆ. ಆದರೆ ಒಂದು ಕೊರತೆ ಇತ್ತು. ತನ್ನ ಕೂಗು ಯಾರಿಗಾದರೂ ಕೇಳಿಸಿತೇ ಎಂಬುದು ಮುಳುಗುತ್ತಿರುವವನಿಗೆ ತಿಳಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಕಾರ್ಯಾರಂಭ ಮಾಡಿದ ಎರಡನೇ ತಲೆಮಾರಿನ ಡ್ಯಾಟ್ ಈ ಕೊರತೆ ನೀಗಿಸಿದೆ. 'ಮೊರೆ ಮುಟ್ಟಿತು' ಎಂಬ ಉತ್ತರ ದೋಣಿಗೆ ಮರಳಿ ಬರುತ್ತದೆ. ಚಂಡಮಾರುತದ ಎಚ್ಚರಿಕೆಯನ್ನೂ ಮೀನು ಹೆಚ್ಚಿರುವ ಪ್ರದೇಶದ ಮಾಹಿತಿಯನ್ನೂ ಅದೇ ಸಾಧನಕ್ಕೆ ಕಳಿಸಬಹುದು. ಮೊಬೈಲಿಗೆ ಜೋಡಿಸಿದರೆ ತಮ್ಮ ಭಾಷೆಯಲ್ಲೇ ಓದಬಹುದು. ಉಕ್ಕುವ ಅಲೆಯ ನಡುವೆ ತೇಲುವ ಹಲಗೆ ಹಿಡಿದವನಿಗೆ 'ಕೇಳಿಸಿತು' ಎಂಬ ಒಂದು ಮಾತು ಎಷ್ಟು ದೊಡ್ಡದು!

ಓದುವ ಮಕ್ಕಳಿಗೆ

ಇಂಥ ಕೆಲಸಗಳಿಗೆ ದಾರಿ ಹಲವು. ನೌಕಾ ವಿನ್ಯಾಸವನ್ನು ಮದ್ರಾಸ್ ಮತ್ತು ಖರಗ್‌ಪುರದ ಐಐಟಿಗಳಲ್ಲಿ, ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಕಲಿಯಬಹುದು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ದೇಶದಲ್ಲೇ ಮೊದಲನೆಯದು. ಮಲ್ಪೆಯಲ್ಲೇ ಹಡಗುಕಟ್ಟೆ ಇದೆ. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ಕೊಂಡ ಬಳಿಕ ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರು ಪಡೆದಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಬಯಸುವವರಿಗೆ ಪೀಣ್ಯದಲ್ಲೇ ಎನ್‌ಟಿಟಿಎಫ್ ಇದೆ. ಉಪಗ್ರಹ ನಿಯಂತ್ರಣಕ್ಕೆ ಎಂಜಿನಿಯರುಗಳು ಮಾತ್ರವಲ್ಲ, ಡಿಪ್ಲೊಮಾ ಮತ್ತು ಐಟಿಐ ಓದಿದ ತಂತ್ರಜ್ಞರೂ ಬೇಕು. ಮಗ ಅಥವಾ ಮಗಳು ಡಾಪ್ಲರ್ ಪರಿಣಾಮದ ಪಾಠ ಓದುತ್ತ 'ಇದರಿಂದೇನು ಉಪಯೋಗ?' ಎಂದು ಕೇಳಿದರೆ ತಂದೆತಾಯಿಗಳು ಪೀಣ್ಯದ ಕಡೆ ಕೈ ತೋರಿಸಬಹುದು.

ನೌಕೆ ಕೊಳ್ಳುವವರು ಎಂಜಿನ್ನಿನ ಅಶ್ವಶಕ್ತಿ ಕೇಳುತ್ತಾರೆ, ಸೋಫಾದ ಚರ್ಮ ಸವರಿ ನೋಡುತ್ತಾರೆ, ಗೈರೋದ ಬೆಲೆ ವಿಚಾರಿಸುತ್ತಾರೆ. ಕಿತ್ತಳೆ ಪೆಟ್ಟಿಗೆಯ ಬ್ಯಾಟರಿ ಅವಧಿ ಎಂದಿಗೆ ಮುಗಿಯುತ್ತದೆ, ನೋಂದಣಿಯಲ್ಲಿರುವ ಫೋನ್ ನಂಬರ್ ಈಗಲೂ ಅದೇ ಇದೆಯೇ ಎಂದು ನೋಡುವುದಕ್ಕೆ ಹಣ ಬೇಕಿಲ್ಲ, ಐದು ನಿಮಿಷ ಸಾಕು. ಕೋಟಿ ರೂಪಾಯಿಯ ನೌಕೆಗೂ ಸಾಲ ಮಾಡಿ ಕಟ್ಟಿಸಿದ ಮೀನುದೋಣಿಗೂ ಈ ಮಾತು ಸಮಾನವಾಗಿ ಸಲ್ಲುತ್ತದೆ. ಕೇಳುವ ಕಿವಿ ಪೀಣ್ಯದಲ್ಲಿ ಎಚ್ಚರವಾಗಿದೆ. ಕೂಗುವ ಬಾಯಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ದೋಣಿ ಏರುವವರ ಕೆಲಸ.